ಮೀನಿಲ್ಲದ ಬಾವಿ

ಗುರುಶಾಂತಮ್ಮನ ಕಾಲು ಉರಿಯತೊಡಗಿದ್ದು ಜೋಳ ಬೀಸುವಾಗ. ಹಿಮ್ಮಡಿಯ ಮೇಲೆ ಕಡಲೆಕಾಳಿನಷ್ಟು ಬೊಕ್ಕೆ ಎದ್ದಿತ್ತು. ಬಿಸಿಲೇರುವ ಹೊತ್ತಿಗೆ ಅದರೊಳಗೆ ಕೆಂಡ ಇಟ್ಟಂತಾಯಿತು. ಎಣ್ಣೆ ಸವರಿದಳು, ಬೇವಿನ ಸೊಪ್ಪು ಅರೆದು ಕಟ್ಟಿದಳು. ಉರಿ ಜಗ್ಗಲಿಲ್ಲ. ಕಾಲಿಗೆ ಬೇಕಾಗಿದ್ದು ನೀರು. ಅದೂ ಮನೆಯ ಕೊಡದ ನೀರಲ್ಲ, ಊರಮುಂದಿನ ಬಾವಿಯ ನೀರು. ಬೀಸುಕಲ್ಲು ಬಿಟ್ಟು ಎದ್ದವಳಿಗೆ, ತಾನು ನಡೆಯುತ್ತಿಲ್ಲ, ಕಾಲೇ ತನ್ನನ್ನು ಎಳೆದುಕೊಂಡು ಹೋಗುತ್ತಿದೆ ಅನ್ನಿಸಿತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ ಅದು. ಊರು ಎಮ್ಮಿಗನೂರಿನಿಂದ ಸಿ. ಬೆಳಗಲ್ಲಿನ ಕಡೆ ಹೋಗುವ ದಾರಿಯಲ್ಲಿತ್ತು. ಅವಳ ಮಾವ ಏಕಾಂತಪ್ಪ ಹತ್ತಿ ಬೆಳೆಯುವ ದೊಡ್ಡ ಒಕ್ಕಲು, ನೇಮನಿಷ್ಠೆಯ ಮನುಷ್ಯ. ಹಿಂದಿನ ವರ್ಷ ಮಠದ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದಾಗ, ಮೀನು ಮುಟ್ಟಿದ ನೀರಿನಲ್ಲಿ ಗುರುಗಳ ಪಾದ ತೊಳೆಯುವುದು ಹೇಗೆ ಎಂದು, ಬೆಸ್ತರ ಸುಂಕಣ್ಣನ ಕಡೆಯವರಿಂದ ಬಲೆ ಹಾಕಿಸಿ ಆ ಮೆಟ್ಟಿಲುಬಾವಿಯ ಮೀನನ್ನೆಲ್ಲ ತೆಗೆಸಿದ್ದರು. ನೀರು ಕನ್ನಡಿಯಂತೆ ನಿಂತಿತು. ಊರೆಲ್ಲ ಹೊಗಳಿ, ಅದನ್ನೇ ಕುಡಿಯಿತು.

ಗುರುಶಾಂತಮ್ಮ ಬಾವಿಗೆ ಬಂದಾಗ ನಡುಮಧ್ಯಾಹ್ನ. ಕೆಳಗಿನ ಮೆಟ್ಟಿಲ ಮೇಲೆ ನೆರೆಮನೆಯ ಸುಭದ್ರಮ್ಮ ಕುಳಿತಿದ್ದಳು, ಅವಳಾಚೆ ಅಂಜಿನಪ್ಪ, ಊರಿನ ಇನ್ನೂ ಎಷ್ಟೋ ಮಂದಿ. ಎಲ್ಲರ ಕಾಲೂ ನೀರಿನಲ್ಲಿ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅವರ ನಡುವೆ ಅತ್ತೆ ಮಹಾಂತಮ್ಮ. ಹಗಲು ಹೊತ್ತು ಬೀದಿಗೇ ಇಳಿಯದ ಹೆಂಗಸು, ಸೆರಗು ಜಾರಿದ್ದರ ಅರಿವೂ ಇಲ್ಲದೆ ಕುಳಿತಿದ್ದಳು. ಸೊಸೆಯನ್ನು ಕಂಡು ಸ್ವಲ್ಪ ಸರಿದು ಜಾಗ ಕೊಟ್ಟಳು, ಅಷ್ಟೇ.

ಕಾಲು ನೀರಿಗಿಟ್ಟೊಡನೆ ಗುರುಶಾಂತಮ್ಮನಿಗೆ ಹೋದ ಜೀವ ಬಂದಂತಾಯಿತು. ಬೊಕ್ಕೆ ಒಡೆಯಿತು. ಅದರೊಳಗಿಂದ ದಾರದಂಥದ್ದೊಂದು ಹಣಿಕಿ ನೋಡಿತು. ನಾರುಹುಣ್ಣಿನ ಹುಳ. ಅದರ ತುದಿಯಿಂದ ಹಾಲಿನಂಥದ್ದು ಚಿಮ್ಮಿ, ಹೊಗೆಯ ಹಾಗೆ ನೀರಿನಲ್ಲಿ ಹರಡಿತು. ಆಗ ಸುತ್ತಲಿನ ನೀರು ಮಿಸುಕಾಡಿತು. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಪುಟುಪುಟು ಜಿಗಿಯುತ್ತ ಆ ಹಾಲಿಗೆ ಮುತ್ತಿಕೊಂಡವು. ಅವಳು ಮೆಟ್ಟಿಲ ಮೇಲಿದ್ದ ಚರಿಗೆಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದಳು. ಚರಿಗೆಯ ತುಂಬ ಅವೇ. ಹುಳದ ಹಾಲು ನುಂಗಿದ ಇವನ್ನೇ ಊರೆಲ್ಲ ಕುಡಿಯುತ್ತಿತ್ತು.

ಅವಳ ತವರು ಹೊಳೆಸಾಲಿನ ಊರು. ಅಲ್ಲಿಯ ಬಾವಿಗೂ ಹತ್ತಿ ಬಿಡಿಸಲು ಬರುವ ಆಳುಗಳು ನಾರುಹುಣ್ಣಿನ ಕಾಲು ಇಳಿಬಿಡುತ್ತಿದ್ದರು. ಊರವರಿಗೆ ಮಾತ್ರ ಅಂಟುತ್ತಿರಲಿಲ್ಲ. ಆ ನೀರಲ್ಲಿ ಇಂಥ ಚುಕ್ಕೆಗಳನ್ನು ಅವಳು ಕಂಡದ್ದೇ ಇಲ್ಲ. ಏನು ಬಿದ್ದರೂ ಮೀನು ನುಂಗಿಬಿಡುತ್ತಿದ್ದವು. ಈ ಬಾವಿಯಲ್ಲೂ ಹೋದ ವರ್ಷದವರೆಗೆ ಹಾಗೇ ಇತ್ತು.

ಎದುರಿನ ಮೂಲೆಯಲ್ಲಿ ಊರಿನ ಇನ್ನೊಬ್ಬ ಹೆಂಗಸು ದಸ್ತಗಿರಮ್ಮ ಕುಡಿಯುವ ನೀರಿಗೆ ಕೊಡ ಅದ್ದುತ್ತಿದ್ದಳು.

"ದಸ್ತಗಿರಮ್ಮ, ಆ ನೀರು ಚೆಲ್ಲಿಬಿಡು," ಎಂದು ಗುರುಶಾಂತಮ್ಮ ಕಾಲು ಮೇಲಕ್ಕೆಳೆದುಕೊಂಡಳು. ಉರಿ ಮತ್ತೆ ತಲೆಗೇರಿತು. ಆದರೂ ಇಳಿಸಲಿಲ್ಲ.

ಏಕಾಂತಪ್ಪನವರು ಮನೆಯಲ್ಲಿ ಹೊರಸಿನ ಮೇಲಿದ್ದರು. ಅವರ ಮೊಣಕಾಲಿನಿಂದಲೂ ಹುಳ ಹೊರಬಿದ್ದಿತ್ತು. ಕಡಿಯದಂತೆ ಹೊರಗೆಳೆಯಲು ಹತ್ತಿಗಿಡದ ಕಡ್ಡಿಗೆ ಅದನ್ನು ದಿನಕ್ಕಿಷ್ಟು ಸುತ್ತುತ್ತಿದ್ದರು. ಮತ್ತೆ ಮೀನು ಬಿಡಿಸಬೇಕೆಂದು ಸೊಸೆ ಕೇಳಿದಾಗ, ಗುರುಗಳ ಪಾದ ತೊಳೆದ ಬಾವಿ ಅದು, ಜೀವ ಹೋದರೂ ಮೈಲಿಗೆ ಮಾಡಗೊಡುವುದಿಲ್ಲ ಅಂದರು.

"ಬಾವಿ ಖಾಲಿ ಆಗಿಲ್ಲರಿ ಮಾವಾರ," ಅಂದಳು ಗುರುಶಾಂತಮ್ಮ. "ಮೀನ ಹೋದ ಜಾಗಕ್ಕ ಬ್ಯಾರೆ ಜೀವ ಬಂದು ಕುಂತಾವು. ಈಗ ನಿಮ್ಮ ಮಣಕಾಲಿನ್ಯಾಗ ಇರೋದು ಅಲ್ಲಿಂದ ಬಂದದ್ದ ಐತಿ."

ಅವರಿಗೆ ಸಿಟ್ಟು ಬಂತು. ಎದ್ದು ಕೂರಲು ಹೋದಾಗ ಕಡ್ಡಿ ಜಗ್ಗಿ ಹುಳ ಕಡಿದುಹೋಯಿತು. ಉಳಿದರ್ಧ ಒಳಗೆ ಸರಿಯಿತು. ಕಾಲು ಬಾತು ಬಿಗಿದು, ಜ್ವರ ಏರಿತು. ಮರುದಿನ ಬಿಸಿಲು ನೆತ್ತಿಗೆ ಬಂದಾಗ ಹೊರಸು ಬರಿದಾಗಿತ್ತು. ಅಂಗಳದ ಮಣ್ಣಿನಲ್ಲಿ ಅವರು ತೆವಳಿ ಹೋದ ಗುರುತಿತ್ತು. ಅತ್ತೆ ಸೊಸೆ ಇಬ್ಬರೂ ಕುಂಟುತ್ತ ಓಡಿ, ಬಾವಿಯ ಮೇಲಿನ ಮೆಟ್ಟಿಲಲ್ಲಿ ಅವರನ್ನು ತಡೆದರು.

"ಬಿಡ್ರಿ ನನ್ನ," ಎಂದರು ಏಕಾಂತಪ್ಪ, ಮೆಲ್ಲಗೆ. "ನೀರು ಕರಿಯಾಕತ್ತೈತಿ."

ಮಹಾಂತಮ್ಮ ಗಂಡನನ್ನು ಎರಡೂ ತೋಳಿನಲ್ಲಿ ಬಿಗಿಹಿಡಿದುಕೊಂಡು, ಸೊಸೆಯ ಕಡೆ ತಿರುಗಿದಳು. "ನಿನ್ನ ತವರಿಗೆ ಗಾಡಿ ಕಟ್ಟಿಸ್ಕೊಂಡು ಹೋಗು. ಮೀನ ತಂದು ಬಿಡು. ಮೈಲಿಗಿ ನನ್ನ ತಲಿ ಮ್ಯಾಲಿರಲಿ."

ಗುರುಶಾಂತಮ್ಮ ತಾಮ್ರದ ಹಂಡೆಗೆ ಒದ್ದೆ ಬಟ್ಟೆ ಕಟ್ಟಿ ಮೀನು ತಂದಳು. ದಾರಿಯಲ್ಲಿ ಸತ್ತವೇ ಹೆಚ್ಚು, ಉಳಿದವನ್ನು ಬಾವಿಗೆ ಬಿಟ್ಟಳು. ತನ್ನ ಕಾಲಿನ ಹುಳವನ್ನು ತಾಳ್ಮೆಯಿಂದ ಸುತ್ತಿ ಸುತ್ತಿ ತೆಗೆದಳು. ಹುಣ್ಣಿದ್ದವರು ಬಾವಿಗೆ ಇಳಿಯದಂತೆ ಮೆಟ್ಟಿಲಿಗೆ ಜಾಲಿಮುಳ್ಳು ಹಾಕಿಸಿ, ಮೇಲಿನಿಂದಲೇ ಹಗ್ಗದಲ್ಲಿ ಕೊಡ ಇಳಿಸಿ ನೀರೆತ್ತಿ, ದೂರದ ಹೊಲದಲ್ಲಿ ಅವರ ಕಾಲಿಗೆ ಸುರಿದಳು. ಆದರೂ ಮರುವರ್ಷ ಬೇಸಿಗೆಗೆ ಸರಿಯಾಗಿ ಊರಲ್ಲಿ ಮತ್ತೆ ಬೊಕ್ಕೆ ಎದ್ದವು. ಮೊದಲೇ ಕುಡಿದದ್ದು ವರ್ಷವಿಡೀ ಮೈಯೊಳಗೆ ಬೆಳೆದಿತ್ತು. ಜನ ಅವಳನ್ನೇ ಬೈದರು, ಮೈಲಿಗೆಯ ಫಲ ಅಂದರು. ಅವಳು ಮುಳ್ಳನ್ನು ತೆಗೆಸಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಅಂಜಿನಪ್ಪನ ಮನೆಯಲ್ಲಿ ಒಬ್ಬರಿಗೆ ಬಿಟ್ಟರೆ ಯಾರಿಗೂ ಬೊಕ್ಕೆ ಏಳಲಿಲ್ಲ.

ಏಕಾಂತಪ್ಪನವರ ಕಾಲು ಮಡಚಿದ್ದು ಮಡಚಿದಂತೆಯೇ ಉಳಿಯಿತು. ಮೀನಿನ ಮಾತನ್ನು ಅವರು ಎತ್ತಿದ್ದು ಒಂದೇ ಸಲ, ಊಟಕ್ಕೆ ಕುಳಿತಾಗ.

"ಅವಕ್ಕ ತಿನ್ನಾಕ ಏನು ಹಾಕ್ತಿ?"

"ಏನೂ ಹಾಕಂಗಿಲ್ಲರಿ. ಅವಕ್ಕ ಬೇಕಾದ್ದು ನೀರಿನ್ಯಾಗ ಹುಟ್ಟಕೋಂತನ ಇರತೈತಿ."

ಏಕಾಂತಪ್ಪನವರು ತಂಬಿಗೆಯನ್ನು ತುಟಿಯವರೆಗೆ ತಂದವರು, ಅದರೊಳಗಿನ ನೀರನ್ನು ಬಹಳ ಹೊತ್ತು ನೋಡಿ, ಕುಡಿಯದೆ ಕೆಳಗಿಟ್ಟರು.