ಹೆಸರು ಹೇಳದ ಕೋರಿಕೆ

ಸಿಡ್ನಿಯ ಟೂಂಗಾಬಿ ಬಡಾವಣೆಯ ಮಂಗಳೂರು ಕಡೆಯ ಕ್ರೈಸ್ತರಲ್ಲಿ ಯಾರ ಮನೆಗೆ ಏನೇ ಕಷ್ಟ ಬಂದರೂ ಮೊದಲ ಫೋನ್ ಹೋಗುತ್ತಿದ್ದದ್ದು ಅಗಸ್ಟಿನ್ ಅವರಿಗೆ. ಇಲ್ಲೇ ನೆಲೆಸಲು ಹಾಕಿದ ಪಿಆರ್ ಅರ್ಜಿ ಬಿದ್ದುಹೋಯಿತು, ಊರಲ್ಲಿ ಅಮ್ಮನಿಗೆ ಆಪರೇಷನ್, ಮಗಳು ಚರ್ಚಿಗೆ ಬರಲೊಲ್ಲಳು, ಹೀಗೆ ಏನಿದ್ದರೂ "ಅಗಸ್ಟಿನ್ ಅಂಕಲ್‌ಗೆ ಒಂದು ಮಾತು ಹೇಳುವ" ಎನ್ನುವುದು ರೂಢಿಯಾಗಿತ್ತು. ಅವರು ಬೇಸರಪಡುತ್ತಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿರಲಿಲ್ಲ. ಕೊನೆಗೆ "ಶುಕ್ರವಾರ ಪ್ರಾರ್ಥನೆಯಲ್ಲಿ ಇಡುವ" ಎನ್ನುತ್ತಿದ್ದರು.

ಶುಕ್ರವಾರ ಸಂಜೆಯ ಪ್ರಾರ್ಥನಾ ಕೂಟವನ್ನು ಶುರುಮಾಡಿದವರು ಅವರೇ. ನಾರ್ತ್ ಸಿಡ್ನಿಯ ಫೈನಾನ್ಸ್ ಆಫೀಸಿನಿಂದ ಬಂದು, ಕೈಕಾಲು ತೊಳೆದು, ಬಿಳಿ ಶರ್ಟು ಹಾಕಿಕೊಂಡು ತಮ್ಮ ಮನೆಯ ಹಾಲಿನಲ್ಲಿ ಕೂರುವರು. ಜಪಮಾಲೆ ಮುಗಿದ ಮೇಲೆ ಕೋರಿಕೆಗಳ ಹೊತ್ತು. ಆಗ ಅವರ ದನಿ ಸಣ್ಣದಾಗುತ್ತಿತ್ತು. ಅವರು ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. "ಮದ್ಯದ ಚಟದಿಂದ ಬಿಡುಗಡೆ ಬೇಡುವ ಒಬ್ಬ ತಂದೆಗಾಗಿ," "ಮಕ್ಕಳಾಗದೆ ಕೊರಗುವ ಒಂದು ಜೋಡಿಗಾಗಿ." ಕೂಟದಲ್ಲಿದ್ದದ್ದು ಹತ್ತು ಹನ್ನೆರಡು ಮನೆಯವರು. ಊಟದ ಹೊತ್ತಿಗೆ ಆ ತಂದೆ ಯಾರು, ಆ ಜೋಡಿ ಯಾವುದು ಎಂದು ಎಲ್ಲರಿಗೂ ತಿಳಿದಿರುತ್ತಿತ್ತು. ಅಗಸ್ಟಿನ್‌ಗೆ ಅದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಒಬ್ಬರ ಭಾರವನ್ನು ಎಲ್ಲರೂ ಹೊರುವುದೇ ಸಮುದಾಯ ಎಂದು ಅವರು ನಂಬಿದ್ದರು.

ಒಂದು ದಿನ ಮಧ್ಯಾಹ್ನ ಆಫೀಸಿನ ಹತ್ತಿರದ ಪಾರ್ಕಿನಲ್ಲಿ ಅವರಿಗೆ ಬ್ರಾಯನ್ ಸಿಕ್ಕಿದ. ಕೂಟಕ್ಕೆ ಬರುವ ಹುಡುಗ, ಐಟಿ ಕನ್ಸಲ್ಟನ್ಸಿಯಲ್ಲಿ ಕೆಲಸ, ಮದುವೆಯಾಗಿ ಎರಡು ವರ್ಷ. ಸೂಟು ಹಾಕಿಕೊಂಡು, ಬೆಂಚಿನ ಮೇಲೆ ಟಿಫಿನ್ ಬಾಕ್ಸ್ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇವರನ್ನು ಕಂಡವನೇ ಎದ್ದು ನಿಂತ, ಮತ್ತೆ ಕೂತ.

"ಎಂತ ಮಾರಾಯ, ಒಬ್ಬನೇ?" ಎಂದರು ಅಗಸ್ಟಿನ್.

"ಕೆಲಸ ಹೋಗಿದೆ ಅಂಕಲ್," ಎಂದ ಬ್ರಾಯನ್. "ಈಸ್ಟರಿಗೆ ಮೊದಲೇ ಹೋಯ್ತು. ದಿನಾ ಹೊರಟು ಬರ್ತೇನೆ, ಇಲ್ಲಿ ಕೂತ್ಕೊಳ್ತೇನೆ. ನತಾಲಿಯಾಗೆ ಗೊತ್ತಿಲ್ಲ. ಅವಳಿಗೀಗ ಏಳನೇ ತಿಂಗಳು. ಡಾಕ್ಟರು ಬಿಪಿ ಜಾಸ್ತಿ ಉಂಟು ಅಂದಿದ್ದಾರೆ. ಬೇರೆ ಏನಾದ್ರೂ ಸಿಕ್ಕಿದ ಮೇಲೆ ಹೇಳುವ ಅಂತ. ನೀವು ಯಾರಿಗೂ ಹೇಳ್ಬೇಡಿ ಅಂಕಲ್."

"ನಾನು ಯಾರಿಗೆ ಹೇಳ್ತೇನೆ?" ಎಂದು ಅಗಸ್ಟಿನ್ ಅವನ ಕೈ ಹಿಡಿದುಕೊಂಡರು. ಅಲ್ಲೇ, ಆಫೀಸಿನವರು ಸ್ಯಾಂಡ್‌ವಿಚ್ ತಿನ್ನುತ್ತಾ ಓಡಾಡುತ್ತಿದ್ದ ಜಾಗದಲ್ಲೇ, ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಬ್ರಾಯನ್ ಬಿಕ್ಕಿದ. ಆಮೇಲೆ ಅವನು ಟಿಫಿನ್ ಬಾಕ್ಸ್ ತೆರೆದದ್ದನ್ನು ನೋಡಿ ಅಗಸ್ಟಿನ್‌ಗೆ ಮನಸ್ಸು ತುಂಬಿಬಂತು. ದೇವರು ತನ್ನಿಂದ ಒಂದು ಕೆಲಸ ಮಾಡಿಸಿದ ಎಂದುಕೊಂಡು ಆಫೀಸಿಗೆ ನಡೆದರು.

ಆ ಶುಕ್ರವಾರ ಕೋರಿಕೆಗಳ ಹೊತ್ತಿನಲ್ಲಿ ಅವರ ದನಿ ಎಂದಿಗಿಂತ ಸಣ್ಣದಾಯಿತು. "ಕೆಲಸ ಕಳೆದುಕೊಂಡು, ಬಸುರಿ ಹೆಂಡತಿಗೂ ಹೇಳಲಾಗದೆ, ದಿನಾ ಬೆಳಿಗ್ಗೆ ಸೂಟು ಹಾಕಿಕೊಂಡು ಮನೆಯಿಂದ ಹೊರಡುವ ನಮ್ಮ ಒಬ್ಬ ಸಹೋದರನಿಗಾಗಿ..."

ಕೂಟದಲ್ಲಿ ಬಸುರಿ ಇದ್ದದ್ದು ಒಬ್ಬಳೇ. ಸೋಫಾದ ತುದಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಎಲ್ಲರೂ "ಆಮೆನ್" ಎಂದರು. ನತಾಲಿಯಾ ಅನ್ನಲಿಲ್ಲ. ಪಕ್ಕದಲ್ಲಿದ್ದ ಬ್ರಾಯನ್ ತಲೆ ತಗ್ಗಿಸಿದವನು ಮೇಲೆತ್ತಲಿಲ್ಲ.

ಮುಂದಿನ ವಾರವಿಡೀ ಅವರ ಮನೆಗೆ ಫೋನುಗಳು. ಒಬ್ಬರು ಅಕ್ಕಿ ಮೂಟೆ ಇಳಿಸಿಹೋದರು. ಇನ್ನೊಬ್ಬರು ಸಿವಿ ಕಳಿಸು ಎಂದರು. ಮತ್ತೊಬ್ಬ ಆಂಟಿ ನತಾಲಿಯಾಳ ಕೆನ್ನೆ ಸವರಿ, "ಗಂಡ ಸುಳ್ಳು ಹೇಳಿದನಂತ ಬೇಜಾರು ಮಾಡ್ಬೇಡ ಮಗಾ" ಎಂದರು. ಬ್ರಾಯನ್ ಮನೆಯಿಂದ ಹೊರಬರುವುದನ್ನೇ ಬಿಟ್ಟ. ಮಗು ಹುಟ್ಟಿ, ತಾನು ಎದ್ದು ಓಡಾಡುವಂತಾದದ್ದೇ ನತಾಲಿಯಾ ಸಾಮಾನು ಕಟ್ಟಿದಳು. ಗಂಡ ಹೆಂಡತಿ ಯಾರಿಗೂ ಹೇಳದೆ ಮೆಲ್ಬರ್ನಿಗೆ ಹೋದರು. ಅಗಸ್ಟಿನ್ ತಮ್ಮ ಹೆಂಡತಿ ಗ್ಲೆನಿಟಾಗೆ ಹೇಳಿದರು: "ನೋಡು, ಸತ್ಯ ಹೊರಗೆ ಬಂದದ್ದು ಒಳ್ಳೆಯದೇ ಆಯ್ತು. ಅವರಿಗೆ ಈಗ ಅರ್ಥ ಆಗುವುದಿಲ್ಲ."

ನಾಲ್ಕು ವರ್ಷ ಕಳೆಯಿತು. ಅಗಸ್ಟಿನ್‌ರ ಒಬ್ಬಳೇ ಮಗಳು ಲೀಶಾ, ಫಿಸಿಯೋಥೆರಪಿಸ್ಟ್, ರಸೆಲ್ ಎಂಬ ಎಂಜಿನಿಯರನನ್ನು ಮದುವೆಯಾಗಿ ಮೆಲ್ಬರ್ನ್ ಸೇರಿದ್ದಳು. ಫೋನು ಮಾಡಿದರೆ ಚೆನ್ನಾಗಿದ್ದೇವೆ ಎನ್ನುತ್ತಿದ್ದಳು, ವಿಡಿಯೋ ಮಾತ್ರ ಹಾಕುತ್ತಿರಲಿಲ್ಲ. ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮೆಲ್ಬರ್ನಿನ ಪಶ್ಚಿಮ ಸಬರ್ಬುಗಳ ಕೂಟದ ಹಿರಿಯರೊಬ್ಬರು ಅಗಸ್ಟಿನ್‌ರನ್ನು ಕರೆದರು. ಶನಿವಾರ ಸಂಜೆ ಒಂದು ಚಿಂತನೆ ನೀಡಬೇಕು, ವಿಷಯ ದೀನತೆ. ಅಗಸ್ಟಿನ್ ಎರಡು ವಾರ ಕೂತು ಬರೆದರು. ಗ್ಲೆನಿಟಾಗೆ ಮಂಡಿನೋವು, ಹಾಗಾಗಿ ಅವರು ಒಬ್ಬರೇ ಹೊರಟರು.

ಏರ್‌ಪೋರ್ಟಿಗೆ ಲೀಶಾ ಒಬ್ಬಳೇ ಬಂದಿದ್ದಳು. ಸೊರಗಿಹೋಗಿದ್ದಳು. ರಸೆಲ್ ಎಲ್ಲಿ ಎಂದರೆ ಬ್ಯಾಗನ್ನು ಡಿಕ್ಕಿಗೆ ಹಾಕಿದಳು. ಹೈವೇ ಮುಗಿದು, ಒಂದೇ ಥರದ ಹೊಸ ಮನೆಗಳು, ಕೋಲಿಗೆ ಕಟ್ಟಿದ ಎಳೆ ಗಿಡಗಳು, ಇನ್ನೂ ಹುಲ್ಲು ಹತ್ತದ ಅಂಗಳಗಳು ಶುರುವಾದವು. ವಿಂಡಮ್ ವೇಲ್ ಎಂಬ ಬಡಾವಣೆ. ಕಾರು ಒಂದು ಮನೆಯ ಮುಂದೆ ನಿಂತಿತು.

"ಇದು ನಿಮ್ಮ ಮನೆ ಅಲ್ಲವಲ್ಲ?"

"ನಾನೀಗ ಇಲ್ಲಿರೋದು," ಎಂದಳು ಲೀಶಾ. ಅವಳು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. "ಆಗಸ್ಟ್ ತಿಂಗಳಿಂದ. ರಸೆಲ್‌ನನ್ನು ಬಿಟ್ಟಿದ್ದೇನೆ ಡ್ಯಾಡಿ. ಅವನು ನನ್ನ ಫೋನು ನೋಡ್ತಿದ್ದ, ಕಾರಿನ ಕೀ ಬಚ್ಚಿಡ್ತಿದ್ದ. ಕೊನೆಗೆ ಕೈ ಎತ್ತಿದ."

ಅಗಸ್ಟಿನ್‌ಗೆ ಸೀಟ್ ಬೆಲ್ಟ್ ಬಿಚ್ಚಲು ಕೈ ಬರಲಿಲ್ಲ. "ನಮಗೆ ಯಾಕೆ ಹೇಳ್ಲಿಲ್ಲ ಮಗಾ?"

ಲೀಶಾ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದಳು. "ಹೇಳಿದ್ರೆ ನೀವು ನನಗಾಗಿ ಪ್ರಾರ್ಥನೆ ಮಾಡ್ತಿದ್ರಿ. ಶುಕ್ರವಾರ, ಎಲ್ಲರ ಮುಂದೆ. ನನಗೆ ಬೇಕಿದ್ದದ್ದು ಬಂದು ಕರೆದುಕೊಂಡು ಹೋಗುವವರು. ಇಲ್ಲಿಯ ಚರ್ಚಿನಲ್ಲಿ ಮತ್ತೆ ಸಿಕ್ಕಿದ್ದ ನತಾಲಿಯಾ ಬಂದಳು. ಚೈಲ್ಡ್‌ಕೇರಿನ ಕೆಲಸದಿಂದ, ಏಪ್ರನ್ ಕೂಡ ಬಿಚ್ಚದೆ ಬಂದಳು. ಒಂದು ಪ್ರಶ್ನೆ ಕೇಳಲಿಲ್ಲ."

ಬಾಗಿಲು ತೆರೆದವಳು ನತಾಲಿಯಾ. "ಬನ್ನಿ ಅಂಕಲ್" ಎಂದಳು, ನಗಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಬ್ರಾಯನ್ ಕುರ್ಚಿ ಎಳೆದುಕೊಟ್ಟ. ಕೂದಲು ಹಣ್ಣಾಗತೊಡಗಿತ್ತು. ಈಗ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಎಂದ. ನತಾಲಿಯಾ ಟೀ ತಂದಿಟ್ಟಳು. ಮಗು ಆಗಲೇ ಮಲಗಿತ್ತು. ಅಗಸ್ಟಿನ್‌ಗೆ ನಾಲಿಗೆಯ ತುದಿಯವರೆಗೆ ಒಂದು ಮಾತು ಬಂತು. ಅದು ಅಲ್ಲೇ ನಿಂತಿತು. "ಟೀ ಚೆನ್ನಾಗುಂಟು," ಎಂದರು. ಊರಿನ ಸುದ್ದಿ ಸ್ವಲ್ಪ, ಸಿಡ್ನಿಯ ರೆಂಟಿನ ಮಾತು ಸ್ವಲ್ಪ ಆಯಿತು. ಹಾಲಿನಲ್ಲಿ ಹಾಸಿದ ಹಾಸಿಗೆಯ ಮೇಲೆ ಹೋಗಿ ಮಲಗಿದರು.

ಮರುದಿನ ಸಂಜೆ ಕಮ್ಯುನಿಟಿ ಹಾಲ್ ತುಂಬಿತ್ತು. ಬ್ರಾಯನ್ ಕುರ್ಚಿ ಜೋಡಿಸುತ್ತಿದ್ದ. ಜನ ಅವನ ಬೆನ್ನು ತಟ್ಟಿ ಹೋಗುತ್ತಿದ್ದರು. ಕೆಲವರು ಲೀಶಾಳ ಪಕ್ಕ ಬಂದು ಕೂತರು. ಒಬ್ಬಾಕೆ ಅವಳ ಕೈಗೆ ಒಂದು ಊಟದ ಡಬ್ಬಿ ಕೊಟ್ಟು ಏನೂ ಹೇಳದೆ ಹೋದಳು. ಜಪಮಾಲೆಯ ನಂತರ ಅಗಸ್ಟಿನ್ ಕೋರಿಕೆಗಳಿಗಾಗಿ ಕಾದರು. ಆದರೆ ಯಾರೂ ಬಾಯಿ ತೆರೆಯಲಿಲ್ಲ. ನಡೆಸಿಕೊಡುತ್ತಿದ್ದ ಹಿರಿಯರು, "ನಿಮ್ಮ ನಿಮ್ಮ ಕೋರಿಕೆ ಮನಸ್ಸಿನಲ್ಲೇ ದೇವರಿಗೆ ಹೇಳಿಕೊಳ್ಳಿ" ಎಂದರು. ಇಡೀ ಹಾಲ್ ಮೌನವಾಯಿತು. ಹಾಗೆ ಮಾಡಬೇಕೆಂದು ಈ ಕೂಟದಲ್ಲಿ ಮೊದಲು ಹೇಳಿದವಳು ನತಾಲಿಯಾ ಎಂದು ಪಕ್ಕದವರು ಪಿಸುಗುಟ್ಟಿದರು.

ಅಗಸ್ಟಿನ್ ಮೈಕಿನ ಮುಂದೆ ನಿಂತಾಗ ಬರೆದು ತಂದಿದ್ದ ಹಾಳೆಗಳನ್ನು ಬಿಚ್ಚಲಿಲ್ಲ. ಇದು ದೇವರೇ ಕೊಟ್ಟ ಗಳಿಗೆ ಎಂದು ಅನ್ನಿಸಿತು.

"ದೀನತೆಯ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ," ಎಂದು ಶುರುಮಾಡಿದರು. "ಸಿಡ್ನಿಯಲ್ಲಿ ಒಬ್ಬ ಯುವಕ ನನ್ನನ್ನು ನಂಬಿ ತನ್ನ ಗುಟ್ಟು ಹೇಳಿದ. ಕೆಲಸ ಹೋಗಿತ್ತು, ಹೆಂಡತಿಗೆ ಹೇಳಿರಲಿಲ್ಲ. ನಾನು ಅದನ್ನು ಅವಳ ಮುಂದೆಯೇ ಪ್ರಾರ್ಥನೆಯ ಹೆಸರಲ್ಲಿ ಸಾರಿದೆ. ಆ ಮನೆಯವರನ್ನು ನಾನು ಊರು ಬಿಡಿಸಿದೆ. ಅವರಿವತ್ತು ಈ ಹಾಲಿನಲ್ಲೇ ಇದ್ದಾರೆ. ನನ್ನ ಸ್ವಂತ ಮಗಳಿಗೆ ಆಸರೆ ಕೊಟ್ಟವರೂ ಅವರೇ." ಅವರು ಬ್ರಾಯನ್, ನತಾಲಿಯಾ ಕೂತಿದ್ದ ಹಿಂದಿನ ಸಾಲಿನ ಕಡೆಗೆ ತಿರುಗಿ ಕೈಜೋಡಿಸಿ ಅತ್ತರು.

ಜನ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಸಾಲುಗಟ್ಟಿ ಬಂದು ಕೈ ಹಿಡಿದರು. "ಇಂಥಾ ದೀನತೆ ನಾನು ನೋಡಿಲ್ಲ" ಎಂದರು ಒಬ್ಬ ಮುದುಕಿ. ಅಗಸ್ಟಿನ್‌ಗೆ ಮೈಯೆಲ್ಲ ಹಗುರವಾದಂತಿತ್ತು.

ಕಾರ್ ಪಾರ್ಕಿನಲ್ಲಿ ನತಾಲಿಯಾ ಕಾದಿದ್ದಳು. ಬ್ರಾಯನ್ ಕಾರಿಗೆ ಒರಗಿ ಬೇರೆಲ್ಲೋ ನೋಡುತ್ತಿದ್ದ.

"ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಅಂಕಲ್," ಎಂದಳು.

"ಎಂತ?"

"ಬ್ರಾಯನ್‌ನ ವಿಷಯ. ಲೀಶಾಳ ವಿಷಯ. ಊಟ ಕೊಡುವವರು ಕೊಡ್ತಿದ್ರು, ಯಾಕೆ ಅಂತ ಕೇಳ್ತಿರ್ಲಿಲ್ಲ. ಇವತ್ತು ನೀವು ಕೈಜೋಡಿಸಿ ತೋರಿಸಿದ್ರಿ. ಇನ್ನು ಇವರು ಕುರ್ಚಿ ಜೋಡಿಸುವಾಗ ಜನ ನೋಡುವುದು ಬೇರೆ ಥರ."

"ನಾನು ಕ್ಷಮೆ ಕೇಳಿದೆ ನತಾಲಿಯಾ..."

"ಕ್ಷಮೆ ಕೇಳ್ಬೇಕಾದದ್ದು ನಿನ್ನೆ, ನಮ್ಮ ಅಡುಗೆಮನೆಯಲ್ಲಿ. ನೋಡುವವರು ಯಾರೂ ಇರ್ಲಿಲ್ಲ. ನೀವು ಟೀ ಚೆನ್ನಾಗುಂಟು ಅಂದ್ರಿ."

ಬ್ರಾಯನ್ ಮೊದಲ ಸಲ ಅವರನ್ನು ನೇರವಾಗಿ ನೋಡಿದ. "ನಾನು ನಿಮ್ಮನ್ನು ಯಾವಾಗ್ಲೋ ಕ್ಷಮಿಸಿದ್ದೆ ಅಂಕಲ್. ನಿಮ್ಮ ಮಗಳಿಗೆ ಬಾಗಿಲು ತೆಗೆದದ್ದು ಅದಕ್ಕೇ. ಇನ್ನು ಕ್ಷಮಿಸುವುದನ್ನು ಮತ್ತೆ ಮೊದಲಿಂದ ಶುರುಮಾಡ್ಬೇಕು. ಆಗ್ತದೋ ಇಲ್ವೋ ಗೊತ್ತಿಲ್ಲ."

ಅಗಸ್ಟಿನ್ ಕೇಳಿದರು. "ನಾನೀಗ ಎಂತ ಮಾಡ್ಲಿ?"

"ಏನೂ ಮಾಡ್ಬೇಡಿ," ಎಂದಳು ನತಾಲಿಯಾ. "ಒಮ್ಮೆಯಾದ್ರೂ ಏನೂ ಮಾಡದೆ ಇರಿ."

ಭಾನುವಾರ ಏರ್‌ಪೋರ್ಟಿನಲ್ಲಿ ಲೀಶಾ ಬ್ಯಾಗು ಇಳಿಸಿಕೊಟ್ಟು, "ಮಮ್ಮಿಗೆ ನಾನೇ ಹೇಳ್ತೇನೆ. ನನಗೆ ಆದಾಗ," ಎಂದಳು. ಅಗಸ್ಟಿನ್ ತಲೆಯಾಡಿಸಿದರು. ಅವಳ ಮುಖ ನೋಡಿದರೆ ಅವಳಿಗೆ ನಂಬಿಕೆಯಿಲ್ಲ ಎಂದು ಗೊತ್ತಾಗುತ್ತಿತ್ತು.

ಅವರು ಹೇಳಲಿಲ್ಲ. ಮಗಳು ಹೇಗಿದ್ದಾಳೆ ಎಂದು ಗ್ಲೆನಿಟಾ ಕೇಳಿದಾಗ, "ನೀನೇ ಫೋನು ಮಾಡಿ ಕೇಳು" ಎಂದರು. ಸುಳ್ಳು ಹೇಳದೆ, ನಿಜವನ್ನೂ ಬಾಯಿಬಿಡದೆ ಹೆಂಡತಿಯ ಎದುರು ಉಣ್ಣುವುದು ಎಂಥ ಕಷ್ಟ ಎಂದು ಆಗ ತಿಳಿಯಿತು. ಬ್ರಾಯನ್ ಆ ಪಾರ್ಕಿನಲ್ಲಿ ಇದನ್ನೇ ಹೊತ್ತು ಕೂತಿದ್ದನಲ್ಲ ಎಂದು ನೆನೆದರು. ಶುಕ್ರವಾರದ ಕೂಟವನ್ನು ಲಿನೆಟ್ ಎಂಬ ಹೆಂಗಸಿಗೆ ವಹಿಸಿ ತಾವು ಹಿಂದೆ ಕೂತರು. ಬೆಳಗಿನ ಟ್ರೈನಿನಲ್ಲಿ ಕಿಟಕಿಗೆ ಮುಖಮಾಡಿ ಮನಸ್ಸಿನಲ್ಲೇ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಬ್ರಾಯನ್, ನತಾಲಿಯಾ, ಲೀಶಾ. ರಸೆಲ್ ಹೆಸರಿಗೆ ಬಂದಾಗ ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತಿತ್ತು. ಮೊದಲಿನ ಹಗುರ ಯಾವತ್ತೂ ಬರಲಿಲ್ಲ. ದೇವರು ಕೇಳಿಸಿಕೊಳ್ಳುತ್ತಿದ್ದಾನೆಂಬ ಗುರುತೂ ಇರಲಿಲ್ಲ.

ಈಸ್ಟರ್ ಕಳೆದ ಮೇಲೆ ಸುದ್ದಿ ಮೆಲ್ಬರ್ನಿನಿಂದ ತಾನಾಗಿ ಟೂಂಗಾಬಿಗೆ ಬಂತು. ಆ ಹಾಲಿನಲ್ಲಿದ್ದ ಯಾರೋ ಇಲ್ಲಿಯ ಯಾರಿಗೋ ಹೇಳಿದ್ದರು. ಮಗಳ ವಿಷಯ ಗ್ಲೆನಿಟಾಗೆ ತಿಳಿದದ್ದು ಇಂಡಿಯನ್ ಅಂಗಡಿಯಲ್ಲಿ, ಕೊತ್ತಂಬರಿ ಆರಿಸುವಾಗ. ಮನೆಗೆ ಬಂದು ಚೀಲವನ್ನು ನೆಲಕ್ಕೆ ಇಟ್ಟರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಊರಿನವರ ಮನೆಯದ್ದೆಲ್ಲ ದೊಡ್ಡ ದನಿಯಲ್ಲಿ ಹೇಳಿದಿರಿ. ನನ್ನ ಮಗಳದ್ದು ನನಗೆ ಹೇಳ್ಲಿಲ್ಲ."

ಹೀಗೆ ಸುದ್ದಿ ಹಬ್ಬಿದ್ದು ಆ ಹಾಲಿನಲ್ಲಿ ತಾನು ಅತ್ತು ಹೇಳಿದ ಮಾತಿನಿಂದಲೇ ಎಂದು ಅಗಸ್ಟಿನ್ ಹೇಳಿದರು. ಕೂಟದವರೂ ಕೇಳಿದರು. "ಅದು ಲೀಶಾಳ ವಿಷಯ" ಎಂದಷ್ಟೇ ಅಂದರು. ಚರ್ಚಿನ ಅಂಗಳದಲ್ಲಿ ಅವರ ಬೆನ್ನ ಹಿಂದೆ ಮಾತು ಬಿತ್ತು: "ನೋಡಿದ್ರಾ ಅಹಂಕಾರ? ನಮ್ಮದೆಲ್ಲ ಬಿಚ್ಚಿಸಿದವರು ತಮ್ಮ ಮನೆಯದ್ದು ಬಂದಾಗ ಬಾಗಿಲು ಹಾಕಿಕೊಂಡ್ರು." ಅವರಿಗೆ ಅದು ಕೇಳಿಸಿತು. ತಿರುಗಿ ನಿಂತು, ಹಾಗಲ್ಲ ಎಂದು ವಿವರಿಸಬೇಕೆಂಬ ಆಸೆ ಬಲವಾಗಿಯೇ ಬಂತು. ಕಾರಿನ ಕಡೆಗೆ ನಡೆದರು.

ಗ್ಲೆನಿಟಾ ಅವರೊಡನೆ ಕೂತು ಪ್ರಾರ್ಥಿಸುವುದನ್ನು ನಿಲ್ಲಿಸಿದರು. ಮೂವತ್ತು ವರ್ಷ ಜಪಮಾಲೆಯ ಪ್ರತಿ ಪ್ರಾರ್ಥನೆಯಲ್ಲೂ ಗಂಡ ಮೊದಲರ್ಧ ಹೇಳುವುದು, ಹೆಂಡತಿ ಉಳಿದರ್ಧ ಮುಗಿಸುವುದು ನಡೆದುಬಂದಿತ್ತು. ಈಗ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಎರಡೂ ಅರ್ಧಗಳನ್ನು ತಾವೇ ಹೇಳಿಕೊಳ್ಳುತ್ತಿದ್ದರು. ನತಾಲಿಯಾಗೆ ಕಳಿಸಿದ ಒಂದು ಸಾಲಿನ ಮೆಸೇಜಿಗೆ ಉತ್ತರ ಬರಲಿಲ್ಲ. ಲೀಶಾ ತಾಯಿಗೆ ಮಾತ್ರ ಫೋನು ಮಾಡುತ್ತಿದ್ದಳು.

ಅಲ್ಲಿ ಚಳಿಗಾಲವಾದ ಜೂನಿನ ಒಂದು ಸಂಜೆ, ಹೀಟರ್ ಇದ್ದದ್ದು ಹಾಲಿನಲ್ಲಿ ಮಾತ್ರವಾದ್ದರಿಂದ, ಗ್ಲೆನಿಟಾ ಶಾಲು ಹೊದ್ದು, ಜಪಮಾಲೆ ಹಿಡಿದು ಅಲ್ಲಿಗೆ ಬಂದರು. ಅಗಸ್ಟಿನ್ ಎದ್ದು ಹೋಗಲು ನೋಡಿದರು.

"ಕೂತ್ಕೊಳ್ಳಿ," ಎಂದರು ಗ್ಲೆನಿಟಾ. ದನಿಯಲ್ಲಿ ಕೋಪ ಹಾಗೇ ಇತ್ತು. "ನಾನು ಶುರುಮಾಡ್ತೇನೆ."

ಗಂಡನ ಮುಖ ನೋಡದೆ ಮೊದಲರ್ಧ ಹೇಳಿ ನಿಲ್ಲಿಸಿದರು. ಅಗಸ್ಟಿನ್ ತಲೆ ತಗ್ಗಿಸಿ ಉಳಿದರ್ಧ ಹೇಳಿದರು.