ಆರನೇ ದೀಪದ ಮನೆ ನಂಬರು

ನಮ್ಮ ದೀಪಕ್ಕೆ ಹುದ್‌ಹುದ್ ಅಂತ ಹೆಸರು. ಅದರ ನೆತ್ತಿಯ ಮೇಲಿನ ಹಿಡಿಕೆ ಆ ಹೆಸರಿನ ಹಕ್ಕಿಯ ಜುಟ್ಟಿನ ಹಾಗಿದೆಯೆಂದು ಬಯೂಮಿ ಕಾಕಾ ಇಟ್ಟ ಹೆಸರು. ನಾಟಕದ ರಂಗಕ್ಕೆ, ಮದುವೆ ಹಾಲಿಗೆ ಬೇಕಾಗುವ, ತಾನೇ ಕತ್ತು ತಿರುಗಿಸಿ ಬಣ್ಣ ಬದಲಿಸುವ ದೀಪ ಅದು. ಕೈರೋದಲ್ಲಿ ಇಂಥವನ್ನೆಲ್ಲ ಹೊರದೇಶದಿಂದ ತರಿಸುತ್ತಾರೆ. ಶುಬ್ರಾದ ಒಂದು ಗಲ್ಲಿಯಲ್ಲಿ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ನಾವು ಒಂಬತ್ತು ಜನ ಕೂತು ಮಾಡಿದ್ದು ಇದು.

ನಾನು ಅಲ್ಲಿಗೆ ಸೇರಿದಾಗ ನನಗೆ ಹದಿನಾಲ್ಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಮೊದಲ ವರ್ಷ ಗಾಜು ಒರೆಸಿದೆ, ಆಮೇಲೆ ಬೆಸುಗೆ ಹಾಕಲು ಕಲಿತೆ. ಎಂಟು ವರ್ಷದಲ್ಲಿ ನನ್ನ ದನಿ ಕೇಳದವರು ಆ ಎರಡು ಕೋಣೆಗಳಲ್ಲೇ ಇದ್ದಾರೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ನನ್ನೊಳಗೆ ತಯಾರಾಗುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ನೋಡುವುದು ಮಾತ್ರ ಚೆನ್ನಾಗಿ ಬರುತ್ತದೆ. ಬಯೂಮಿ ಕಾಕಾ ಮಾಡುವುದನ್ನು ನೋಡಿ ನೋಡಿಯೇ ಕೆಲಸ ಕಲಿತವಳು ನಾನು.

ಕಾಕಾಗೆ ಅರವತ್ತಮೂರು. ಯಜಮಾನರ ತಂದೆಯ ಕಾಲದಿಂದ ಇದ್ದವರು. ಈಗಿನ ಯಜಮಾನ ಇಂಜಿನಿಯರ್ ಹಾತಿಮ್ ಚಿಕ್ಕ ಹುಡುಗನಾಗಿದ್ದಾಗ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮದುವೆ ಮನೆಗಳಿಗೆ ದೀಪ ಕಟ್ಟಲು ಹೋಗುತ್ತಿದ್ದರಂತೆ. ಆದರೆ ಈಚೆಗೆ ಕಾಕಾರ ಕನ್ನಡಕ ದಪ್ಪವಾಗುತ್ತಾ ಬಂದಿತ್ತು. ಚಳಿಗಾಲದಲ್ಲಿ ಒಮ್ಮೆ ಕೆಂಪು ತಂತಿಗೂ ಕಂದು ತಂತಿಗೂ ವ್ಯತ್ಯಾಸ ತಿಳಿಯದೆ ದೀಪಕ್ಕೆ ಕರೆಂಟು ಕೊಡುವ ಒಂದು ಪೆಟ್ಟಿಗೆ ಸುಟ್ಟಿದ್ದರು. ಆವತ್ತು ಹಾತಿಮ್ ಎಲ್ಲರ ಎದುರಿಗೇ ಹೇಳಿದರು, ಈ ಸಲದ ವ್ಯಾಪಾರ ಮೇಳದಲ್ಲಿ ಏನಾದರೂ ಎಡವಟ್ಟಾದರೆ ಕಾಕಾ ಇನ್ನು ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಆಡಿಸಲಿ ಎಂದು. ಕಾಕಾ ನಕ್ಕು, ಮೊಮ್ಮಕ್ಕಳೂ ನನ್ನನ್ನ ಕೆಲಸಕ್ಕೆ ಇಟ್ಕೊಳಲ್ಲ, ಅವರಿಗೂ ಕಣ್ಣು ಸರಿಯಿರೋರು ಬೇಕು ಎಂದರು. ನಗೆಯಲ್ಲಿ ಮಾತು ತೇಲಿಹೋಯಿತು, ಆದರೆ ಅವರು ಅದನ್ನು ಮರೆತಿರಲಿಲ್ಲ. ಮೇಳದಲ್ಲಿ ಆಡಿಸಿ ತೋರಿಸುವ ನಾಲ್ಕು ನಿಮಿಷದ ಕುಣಿತವನ್ನು ಎರಡು ತಿಂಗಳು ಕೂತು ಕಟ್ಟಿದರು. ಎಂಟು ಹುದ್‌ಹುದ್‌ಗಳು ಒಟ್ಟಿಗೆ ತಲೆಯೆತ್ತಿ, ಒಂದೊಂದೇ ಬಣ್ಣಕ್ಕೆ ತಿರುಗಿ, ಕೊನೆಗೆ ನೋಡುವವರಿಗೆ ತಲೆ ಬಾಗಿಸಬೇಕು.

ಇಲ್ಲಿ ಸ್ವಲ್ಪ ನಮ್ಮ ಕೆಲಸದ ರೀತಿ ಹೇಳಬೇಕು. ಎಂಟು ದೀಪಗಳಿಗೂ ಆಜ್ಞೆ ಹೋಗುವುದು ಒಂದೇ ತಂತಿಯಲ್ಲಿ. ಹಾಗಾಗಿ ಪ್ರತಿ ದೀಪಕ್ಕೂ ಒಂದು ನಂಬರು, ಬೀದಿಯಲ್ಲಿ ಮನೆಗೆ ಇರುವ ಹಾಗೆ. ಕಾಕಾ ಇಪ್ಪತ್ತೈದು ಇಪ್ಪತ್ತೈದರ ಅಂತರದಲ್ಲಿ ಕೊಡುತ್ತಿದ್ದರು. ಮೊದಲನೆಯದಕ್ಕೆ ಇಪ್ಪತ್ತೈದು, ಎರಡನೆಯದಕ್ಕೆ ಐವತ್ತು, ಎಂಟನೆಯದಕ್ಕೆ ಇನ್ನೂರು. ನಂಬರು ತಪ್ಪಿದರೆ ದೀಪ ಸುಮ್ಮನಿರುವುದಿಲ್ಲ. ಪಕ್ಕದ ಮನೆಯವರಿಗೆ ಹೇಳಿದ ಮಾತನ್ನು ಅರ್ಧದಿಂದ ಕೇಳಿಸಿಕೊಂಡು, ತನಗೇ ಹೇಳಿದ್ದೆಂದು ಕುಣಿಯುತ್ತದೆ.

ಕಾಕಾ ನಂಬರನ್ನು ಬಿಳಿ ಪಟ್ಟಿಯ ಮೇಲೆ ಬರೆದು ದೀಪದ ಬೆನ್ನಿಗೆ ಅಂಟಿಸುತ್ತಿದ್ದರು, ನಮ್ಮ ಅರಬಿ ಅಂಕಿಗಳಲ್ಲೇ. ದೀಪದ ಪುಟ್ಟ ಪರದೆಯಲ್ಲಿ ಬರುವುದು ಇಂಗ್ಲಿಷ್ ಅಂಕಿ, ಅದನ್ನೇ ಬರೀರಿ ಎಂದು ಹಾತಿಮ್ ಎಷ್ಟೋ ಸಲ ಹೇಳಿದ್ದರು. ಕಾಕಾ ಕೇಳಲಿಲ್ಲ. ನಮ್ಮ ಬರವಣಿಗೆಯಲ್ಲಿ ಐದು ಎಂದರೆ ಒಂದು ಉರುಟು. ಸೊನ್ನೆ ಎಂದರೆ ಬರೀ ಒಂದು ಚುಕ್ಕೆ.

ಮೇಳದ ಮೊದಲ ಬೆಳಿಗ್ಗೆ ಆರನೇ ದೀಪದ ಒಳಗಿನ ಫ್ಯಾನು ಗೊರಗೊರ ಅನ್ನತೊಡಗಿತು. ಬದಲಿಗೆ ತಂದಿದ್ದ ದೀಪವನ್ನು ನಾನೂ ಕಾಕಾನೂ ಎತ್ತಿಟ್ಟೆವು. ಅವರು ಅವಸರದಲ್ಲಿ ಪಟ್ಟಿ ಹರಿದು, ನಂಬರು ಬರೆದು, ಅಂಟಿಸಿ, ನಂಬರ್ ಹಾಕು ಮಗಳೇ, ನಾನು ತಂತಿ ನೋಡ್ತೀನಿ ಎಂದು ಬಗ್ಗಿಕೊಂಡು ಹೋದರು. ಮೇಳದ ಹಾಲಿನ ಬಾಗಿಲು ತೆರೆದಾಗಿತ್ತು. ಜಿಲ್ಲೆಗಳ ರಂಗಮಂದಿರಗಳಿಗೆ ದೀಪ ಕೊಳ್ಳುವ ಸಮಿತಿಯವರು ಹನ್ನೊಂದಕ್ಕೆ ಬರಬೇಕಾದವರು ಹತ್ತಕ್ಕೇ ಬಂದು, ಆಚೆ ಸಾಲಿನಲ್ಲಿ ಚಹಾ ಕುಡಿಯುತ್ತಿದ್ದರು.

ನಾನು ಪಟ್ಟಿ ನೋಡಿದೆ. ಒಂದು ಗೀಟು, ಒಂದು ಉರುಟು. ಹದಿನೈದು. ಅದರ ಪಕ್ಕದಲ್ಲಿ ಅಂಚಿಗೆ ಒಂದು ಕಪ್ಪು ಕಣ. ನಮ್ಮ ಪಟ್ಟಿಯ ಸುರುಳಿಗಳು ಕಾರ್ಖಾನೆಯಲ್ಲಿ ಬಿದ್ದಿರುವಂಥವು, ಬೆಸುಗೆಯ ಮಸಿ ಕೂತಿರುತ್ತದೆ. ಉಗುರಿನಿಂದ ಕೆರೆದೆ. ಅದು ಸಲೀಸಾಗಿ ಹೋಯಿತು. ಹದಿನೈದು ಎಂದು ಒತ್ತಿದೆ. ಒತ್ತುವಾಗ ಮನಸ್ಸು ಒಂದು ಕ್ಷಣ ತಡವರಿಸಿತು, ಇಪ್ಪತ್ತೈದರ ಲೆಕ್ಕದಲ್ಲಿ ಹದಿನೈದು ಎಲ್ಲಿಂದ ಬಂತು ಎಂದು. ಕಾಕಾ ಎರಡು ಮಾರು ದೂರದಲ್ಲಿದ್ದರು. ಕೇಳಬಹುದಿತ್ತು. ಅವರಿಗೇ ಗೊತ್ತಿರುತ್ತದೆ ಬಿಡು ಅಂದುಕೊಂಡೆ. ನಾನು ಯಾವಾಗಲೂ ಹಾಗೇ ಅಂದುಕೊಳ್ಳುವವಳು.

ಸಮಿತಿಯವರು ಐದು ಜನ ಬಂದು ನಿಂತರು. ಕಾಕಾ ದೀಪಗಳನ್ನು ಆಡಿಸುವ ಮೇಜಿನ ಗುಂಡಿ ಒತ್ತಿದರು. ಏಳು ಹುದ್‌ಹುದ್‌ಗಳು ಮೆಲ್ಲಗೆ ತಲೆಯೆತ್ತಿದವು. ಆರನೆಯದು ಕತ್ತನ್ನು ಪಟ್ಟನೆ ಹಿಂದಕ್ಕೆ ಹೊರಳಿಸಿ, ಮತ್ತೆ ಮುಂದಕ್ಕೆ ಎಸೆದು, ಬಿಳಿ ಬೆಳಕನ್ನು ಪಟಪಟನೆ ಬಡಿಯುತ್ತಾ ಸಮಿತಿಯ ಹಿರಿಯರ ಮುಖಕ್ಕೇ ಬಂದು ನಿಂತಿತು. ಅವರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಹಾತಿಮ್ ಓಡಿಬಂದು ಪ್ಲಗ್ ಕಿತ್ತರು. ಪಕ್ಕದ ಮಳಿಗೆಯವನು, ನಿಮ್ಮ ಹಕ್ಕಿಗೆ ಕಾಳು ಹಾಕಿಲ್ವೇನ್ರೀ, ಕುಕ್ಕೋಕೆ ಬಂತಲ್ಲ ಎಂದ. ಸಮಿತಿಯವರು ನಕ್ಕೇ ಹೋದರು. ಆ ನಗು ಬೈಗುಳಕ್ಕಿಂತ ಹೆಚ್ಚಾಗಿ ಹಾತಿಮ್ ಮುಖವನ್ನು ಕಪ್ಪು ಮಾಡಿತು.

ದೀಪ ಹುಚ್ಚೆದ್ದ ಆ ಕ್ಷಣದಲ್ಲೇ ನನಗೆ ತಿಳಿದಿತ್ತು. ಕೆರೆದ ಉಗುರಿನ ಸಂದಿಯಲ್ಲಿ ಪೆನ್ನಿನ ಶಾಯಿ ಇನ್ನೂ ಹಸಿಯಿತ್ತು. ಅದು ಮಸಿಯಲ್ಲ, ಸೊನ್ನೆ. ನೂರೈವತ್ತು.

ಹಾತಿಮ್ ಪಟ್ಟಿ ನೋಡಿದರು. ಪರದೆ ನೋಡಿದರು. ಎರಡರಲ್ಲೂ ಹದಿನೈದು.

"ಕಾಕಾ, ಇದು ನಿಮ್ಮ ಕೈಬರಹ ತಾನೇ?"

ಕಾಕಾ ಕನ್ನಡಕ ಹಣೆಗೇರಿಸಿ, ಪಟ್ಟಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಅವರೇ ಹೇಳಿಬಿಟ್ಟರು.

"ನನ್ನದೇ. ಚುಕ್ಕೆ ಇಡೋದು ಮರ್ತಿದೀನಿ, ಇಂಜಿನಿಯರ್ ಸಾಹೇಬ್ರೆ. ಇಟ್ಟೆ ಅಂತಲೇ ಅನ್ಕೊಂಡಿದ್ದೆ."

ಹಾತಿಮ್ ಕೂಗಾಡಲಿಲ್ಲ. ಕಾಕಾರ ಹೆಗಲ ಮೇಲೆ ಕೈಯಿಟ್ಟು, ಲಾರಿಗಳು ನಿಲ್ಲುವ ಹಿತ್ತಲಿಗೆ ಕರೆದುಕೊಂಡು ಹೋದರು. ತಿರುಗಿ ಬಂದವರು ಒಬ್ಬರೇ. ನಂಬರನ್ನು ಸರಿ ಮಾಡಿದರು, ನನ್ನನ್ನು ಕರೆದು ಮೇಜಿನ ಹಿಂದೆ ಕೂರಿಸಿದರು. ಎಲ್ಲ ಬರೆದಿಟ್ಟಾಗಿದೆ, ನೀನು ಗುಂಡಿಗಳನ್ನು ಸಾಲಾಗಿ ಒತ್ತಿದರೆ ಸಾಕು, ಕಾಕಾ ಒತ್ತುವುದನ್ನು ನೋಡಿದ್ದೀಯಲ್ಲ ಎಂದರು. ನಾನು ತಲೆಯಾಡಿಸಿದೆ. ನನ್ನ ಮೌನವನ್ನು ಎಲ್ಲರೂ ವಿನಯ ಎಂದುಕೊಳ್ಳುತ್ತಾರೆ. ಆವತ್ತು ಅದು ಕಳ್ಳತನವಾಗಿತ್ತು.

ಮರುದಿನ ಒಂಬತ್ತು ಸಲ ಕುಣಿತ ಆಡಿಸಿದೆ. ಒಂದು ಸಲವೂ ತಪ್ಪಲಿಲ್ಲ. ಬಂದವರಿಗೆ ಕಾಗದ ಹಂಚಲು ಮೂರು ದಿನಕ್ಕೆಂದು ಬಂದಿದ್ದ ಯಾರಾ ಎಂಬ ಹುಡುಗಿ, ಏನೇ, ಒಂದೇ ದಿನದಲ್ಲಿ ಇಂಜಿನಿಯರಮ್ಮ ಆಗ್ಬಿಟ್ಯಲ್ಲ, ಇನ್ನು ನಮ್ಮ ಜತೆ ಕೊಶರಿ ತಿನ್ತೀಯೋ ಇಲ್ವೋ ಎಂದು ಛೇಡಿಸಿದಳು. ಹಾತಿಮ್, ನಮ್ಮ ವಿದಾದ್, ಶಾಲೆ ಬಿಟ್ಟ ಹುಡುಗಿ, ನೋಡಿ ಹೇಗೆ ತಯಾರಾಗಿದ್ದಾಳೆ ಎಂದು ಬಂದವರಿಗೆಲ್ಲ ತೋರಿಸಿದರು. ನನ್ನನ್ನು ಯಾರೂ ಹಾಗೆ ತೋರಿಸಿರಲಿಲ್ಲ. ಒಂದು ಗಳಿಗೆ ನನಗೆ ಖುಷಿಯಾಯಿತು. ಅದನ್ನೂ ಹೇಳಲೇಬೇಕು.

ಮಧ್ಯಾಹ್ನ ಹಿತ್ತಲಿಗೆ ಹೋದೆ. ಕಾಕಾ ನಮ್ಮ ವ್ಯಾನಿನ ನೆರಳಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದರು. ಹಾತಿಮ್ ಅವರನ್ನು ಮೇಳ ಮುಗಿಯುವವರೆಗೆ ಪೆಟ್ಟಿಗೆ ಕಾಯಲು ಹಾಕಿದ್ದರು, ಆಮೇಲೆ ಮನೆಯಲ್ಲೇ ಇರಿ ಎಂದಿದ್ದರು. ಕುಣಿತ ಸರಿಯಾಗಿ ಬಂತಾ ಎಂದು ಕೇಳಿದರು. ಬಂತು ಎಂದೆ. ಬಾಗೋವಾಗ ಐದನೇದು ಸ್ವಲ್ಪ ತಡ ಮಾಡುತ್ತೆ, ಅದಕ್ಕೆ ಬೈಬೇಡ, ಅದು ಹುಟ್ಟಿದಾಗಿಂದ ಹಾಗೇ ಎಂದರು. ಆಮೇಲೆ ಪಕ್ಕದಲ್ಲಿದ್ದ ತಮ್ಮ ಹತ್ಯಾರದ ಚೀಲವನ್ನು ನನ್ನ ಕಡೆ ತಳ್ಳಿದರು.

"ಇದನ್ನ ನೀನೇ ಇಟ್ಕೋ. ನನಗೆ ಇನ್ನು ಬೇಡ."

ಕಣ್ಣಿನ ಡಾಕ್ಟರಿಗೆ ತೋರಿಸಿ ಕಾಕಾ ಎಂದೆ. ಕಣ್ಣಾಗಿದ್ದರೆ ಯೋಚನೆ ಇರಲಿಲ್ಲ ಎಂದರು. ಚುಕ್ಕೆ ಇಟ್ಟದ್ದು ಅವರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆಯಂತೆ. ಪೆನ್ನು ಒತ್ತಿದ್ದು, ಬೆರಳಿಗೆ ತಾಗಿದ್ದು ಎಲ್ಲ. ಆದರೆ ಪಟ್ಟಿಯಲ್ಲಿ ಅದು ಇಲ್ಲ. ಅವರ ತಾಯಿಗೂ ಹೀಗೇ ಶುರುವಾಗಿತ್ತಂತೆ, ಮಾಡದ್ದನ್ನು ಮಾಡಿದೆ ಅನ್ನುತ್ತಿದ್ದರಂತೆ. ಕೊನೆಗೆ ಹೆತ್ತ ಮಕ್ಕಳನ್ನೇ ಯಾರಪ್ಪಾ ನೀವು ಎಂದು ಕೇಳಿದರಂತೆ. ನಿನ್ನೆಯಿಂದ ಗ್ಯಾಸ್ ಒಲೆ ಹತ್ತಿರ ಹೋಗಿಲ್ಲ, ಹೆಂಡತಿಗೆ ನೀನೇ ಹಚ್ಚು, ನೀನೇ ಆರಿಸು ಅಂದಿದ್ದೇನೆ ಎಂದರು. ಇದನ್ನೆಲ್ಲ ಬೇರೆ ಯಾರದೋ ಸುದ್ದಿಯಂತೆ ಹೇಳಿದರು.

ಕೆಲಸ ಕಳೆದದ್ದು ಮಾತ್ರವಲ್ಲ, ಅವರ ತಲೆಯನ್ನೇ ಅವರಿಂದ ಕಿತ್ತುಕೊಂಡಿದ್ದೆ ನಾನು. ಅಷ್ಟು ಗೊತ್ತಾದ ಮೇಲೂ ಆವತ್ತು ಹೇಳಲಿಲ್ಲ. ಚೀಲ ಹೊತ್ತುಕೊಂಡು ಒಳಗೆ ಬಂದೆ. ನಾಲ್ಕು ಗಂಟೆಯ ಕುಣಿತಕ್ಕೆ ಕೂತೆ.

ಮೂರನೇ ದಿನ, ಮೇಳದ ಕೊನೆಯ ದಿನ, ಬಾಗಿಲು ತೆರೆಯುವ ಮೊದಲೇ ಹಿತ್ತಲಿಗೆ ಹೋದೆ. ಕಾಕಾ ತಾಮಿಯಾ ವಡೆ ಸುತ್ತಿದ ರೊಟ್ಟಿ ತಿನ್ನುತ್ತಿದ್ದರು, ನನಗೂ ಒಂದು ಮುರಿದು ಕೊಡಲು ಬಂದರು. ನಾನು ಚೀಲವನ್ನು ಅವರ ಕಾಲ ಬಳಿ ಇಟ್ಟೆ.

"ಕಾಕಾ, ಚುಕ್ಕೆ ನೀವು ಇಟ್ಟಿದ್ರಿ. ನಾನು ಕೆರೆದುಬಿಟ್ಟೆ. ಮಸಿ ಅನ್ಕೊಂಡೆ."

ಅವರಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಹೋಗಲಿ ಬಿಡು ಮಗಳೇ ಎನ್ನುತ್ತಾರೆಂದು ಕಾದೆ. ಹಾಗೆ ಕಾದದ್ದಕ್ಕೂ ಈಗ ನಾಚಿಕೆಯಾಗುತ್ತದೆ.

"ಯಾವಾಗ ಗೊತ್ತಾಯ್ತು ನಿನಗೆ?"

"ಆವಾಗಲೇ."

"ನಾನು ಪಟ್ಟಿ ನೋಡ್ತಾ ನಿಂತಿದ್ನಲ್ಲ, ಆವಾಗ?"

"ಹೌದು."

ಅವರ ಕತ್ತಿನ ನರ ಉಬ್ಬಿತು. "ನಿನ್ನೆ ಇಲ್ಲಿ ಕೂತು ನಮ್ಮಮ್ಮನ ಕತೆ ಕೇಳಿದೆ. ಚೀಲ ತಗೊಂಡು ಹೋದೆ. ಇಡೀ ರಾತ್ರಿ ನಾನು ಮೊಮ್ಮಕ್ಕಳ ಹೆಸರು ಹೇಳ್ಕೊಂಡು ಮಲಗಿದೀನಿ ಕಣೇ, ಎಲ್ಲಿ ಮರ್ತುಹೋಗುತ್ತೋ ಅಂತ." ಮಳಿಗೆಯ ಕಡೆ ಕೈ ತೋರಿಸಿ ಹೇಳಿದರು, "ನನ್ನ ಮುಂದೆ ಹೇಳೋದು ಸುಲಭ. ಹೋಗು, ಅವನ ಮುಂದೆ ಹೇಳು."

ಹಾತಿಮ್ ಮಳಿಗೆಯಲ್ಲಿ ಫೋನಿನಲ್ಲಿದ್ದರು. ಸಮಿತಿಯ ಹಿರಿಯರು ಇನ್ನೊಮ್ಮೆ ನೋಡಲು ಒಪ್ಪಿದ್ದರು, ಹನ್ನೆರಡಕ್ಕೆ ಬರುತ್ತಾರೆ. ಫೋನು ಇಟ್ಟ ಕೂಡಲೇ ಹೇಳಿದೆ. ಕೆರೆದದ್ದು, ಗೊತ್ತಿದ್ದೂ ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಅವರು ಹಣೆ ತಿಕ್ಕಿಕೊಂಡರು. ಆಯಿತು, ಕೇಳಿದೆ, ಇದನ್ನು ನಾಳೆ ಮಾತಾಡೋಣ, ಇವತ್ತು ಮೇಜಿನಲ್ಲಿ ನೀನೇ ಇರು ಎಂದರು. ತಪ್ಪು ಕಾಕಾರದ್ದಲ್ಲವಲ್ಲ ಎಂದೆ.

"ಇರಬಹುದು. ಆದ್ರೆ ಅವರೇ ಒಪ್ಕೊಂಡ್ರಲ್ಲ? ಬರೆದದ್ದು ನೆನಪಿದ್ದಿದ್ರೆ ಬರೆದಿದೀನಿ ಅಂತ ನಿಲ್ಲಬೇಕಿತ್ತು. ತನ್ನ ಮೇಲೇ ನಂಬಿಕೆ ಇಲ್ದೋರನ್ನ ಈ ಹೊತ್ತಲ್ಲಿ ನಾನು ಹೇಗೆ ನಂಬಲಿ, ಹೇಳು."

ಉತ್ತರ ನನ್ನೊಳಗೆ ಎಂದಿನಂತೆ ತಡವಾಗಿ ತಯಾರಾಯಿತು. ಅವರು ಆಗಲೇ ಯಾರಾಳಿಗೆ ಏನೋ ಹೇಳಲು ಹೋಗಿದ್ದರು.

ಹನ್ನೆರಡಕ್ಕೆ ಸಮಿತಿಯ ಹಿರಿಯರು ಇನ್ನಿಬ್ಬರೊಡನೆ ಬಂದರು. ಈ ಸಲ ಕಪ್ಪು ಕನ್ನಡಕ ಕೈಯಲ್ಲೇ ಹಿಡಿದಿದ್ದರು. ಹಾತಿಮ್ ಅದಕ್ಕೆ ನಕ್ಕು, ಸ್ವಾಗತ ಹೇಳಿ, ನನ್ನ ಕಡೆ ಕೈ ಮಾಡಿದರು. ನಾನು ಮೇಜಿನ ಹಿಂದೆ ಕೂತಿದ್ದೆ. ಮೊದಲ ಗುಂಡಿ ನನ್ನ ಎದುರಿಗೇ ಇತ್ತು. ಧೈರ್ಯ ಮಾಡಿದೆ ಎಂದು ಯಾರೂ ತಿಳಿಯಬಾರದು. ಕೈಯೇ ಏಳಲಿಲ್ಲ. ಎಂಟು ದೀಪಗಳೂ ತಲೆ ತಗ್ಗಿಸಿಕೊಂಡು ನಿಂತಿದ್ದವು. ಹಾತಿಮ್ ಬಗ್ಗಿ ಹಲ್ಲು ಕಚ್ಚಿ, ಒತ್ತು, ಏನಾಗಿದೆ ನಿನಗೆ ಎಂದರು.

"ಕಾಕಾ ಬರಲಿ," ಎಂದೆ. ನನಗೇ ಜೋರಾಗಿ ಕೇಳಿಸಿತು. ಹಿರಿಯರಿಗೂ ಕೇಳಿಸಿತು. "ಇದನ್ನ ಕಟ್ಟಿದವರು ಅವರು. ಮೊನ್ನೆ ನಿಮ್ಮ ಕಣ್ಣಿಗೆ ಬೆಳಕು ಹೊಡೆದದ್ದು ನನ್ನ ತಪ್ಪಿಂದ."

ಹಿರಿಯರು ನನ್ನನ್ನೂ ಹಾತಿಮ್‌ರನ್ನೂ ನೋಡಿದರು. ಕಟ್ಟಿದವರೇ ಬರಲಿ, ಕಾಯ್ತೀವಿ ಎಂದು ಕುರ್ಚಿ ಎಳೆದುಕೊಂಡರು. ಬೇರೆ ದಾರಿಯಿಲ್ಲದೆ ಹಾತಿಮ್ ಯಾರಾಳನ್ನು ಹಿತ್ತಲಿಗೆ ಓಡಿಸಿದರು.

ಕಾಕಾ ಅಂಗಿಯ ತೋಳು ಇಳಿಸಿಕೊಳ್ಳುತ್ತಾ ಬಂದರು. ನಾನು ಎದ್ದು ಜಾಗ ಬಿಟ್ಟೆ. ನನ್ನ ಮುಖ ನೋಡಲಿಲ್ಲ. ಹಿರಿಯರಿಗೆ ಸಲಾಂ ಹೇಳಿ ಕೂತರು. ಆ ಮೇಜಿನಲ್ಲಿ ಎರಡು ತಿಂಗಳು ಕೂತವರು, ಕತ್ತಲಲ್ಲೂ ಗುಂಡಿಗಳನ್ನು ಗುರುತಿಸಬಲ್ಲವರು. ಅವರ ಬೆರಳು ಮೊದಲ ಗುಂಡಿಯ ತನಕ ಬಂತು. ಅಲ್ಲೇ ನಿಂತಿತು. ಪಕ್ಕದ ಗುಂಡಿಗೆ ಸರಿಯಿತು, ಮತ್ತೆ ಹಿಂದಕ್ಕೆ ಬಂತು. ಹಾತಿಮ್ ಅದನ್ನು ನೋಡಿದರು. ನಾನೂ ನೋಡಿದೆ.

ಕಾಕಾ ನನ್ನ ಕಡೆ ಸ್ವಲ್ಪ ವಾಲಿ, ತುಟಿ ಅಲ್ಲಾಡದ ಹಾಗೆ ಕೇಳಿದರು, "ಇದೇ ಅಲ್ವಾ?"

"ಅದೇ ಕಾಕಾ," ಎಂದೆ.

ಒತ್ತಿದರು. ಎಂಟೂ ತಲೆಯೆತ್ತಿದವು, ಬಣ್ಣಕ್ಕೆ ತಿರುಗಿದವು, ಕೊನೆಗೆ ಬಾಗಿದವು. ಹಿರಿಯರು ಕಪ್ಪು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದರು. ಕಾಕಾ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು. ಹಾತಿಮ್ ಅವರ ತಲೆಗೆ ಮುತ್ತಿಟ್ಟು ಕ್ಷಮೆ ಕೇಳಿದರು, ನಾಳೆಯಿಂದ ನಿಮ್ಮ ಜಾಗ ನಿಮ್ಮದೇ ಎಂದರು.

ಮುಂದಿನ ಕುಣಿತ ಎರಡು ಗಂಟೆಗೆ. ಆಗಲೂ ಕಾಕಾ ಒತ್ತುವ ಮೊದಲು ನನ್ನನ್ನು ಕೇಳಿದರು. ಮೂರು ಗಂಟೆಯದಕ್ಕೂ ಕೇಳಿದರು.