ಟೀಚರಮ್ಮನ ಕಲ್ಲಚ್ಚು

ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುತ್ತಿದ್ದಾಗ ಗೇಟಿನ ಹೊರಗೆ ಏಳೆಂಟು ಹೆಂಗಸರು ಬಂದು ನಿಂತರು. ತಿರುಮಲೇಶ ತಲೆಯೆತ್ತಿ ನೋಡಿದರು. ಒಬ್ಬರ ಗುರುತೂ ಹತ್ತಲಿಲ್ಲ.

"ಯಾರೋ ಇವರೆಲ್ಲ? ನಿನ್ನ ಹೆಂಡ್ತಿ ಸ್ಕೂಲಿನವರಾ?" ಅಕ್ಕ ಸೀತಮ್ಮ ಮೆಲ್ಲಗೆ ಕೇಳಿದರು.

ಹಿರಿಯ ಹೆಂಗಸೊಬ್ಬರು ಮುಂದೆ ಬಂದರು. "ನಾನು ಮುನಿವೆಂಕಟಮ್ಮ ಸಾಮಿ, ಭೈರಸಂದ್ರದೋಳು. ಟೀಚರಮ್ಮ ನಮ್ಗೆ ಮಂಜಿನ ದೇಸ ತೋರ್ಸಿದ್ರು. ಒಂದ್ಸಲ ಮುಖ ನೋಡ್ಕೊಂಡು ಹೋಗ್ತೀವಿ."

"ಹೊತ್ತಾಯ್ತು ಕಣೋ," ಎಂದರು ಸೀತಮ್ಮ.

"ಆಗ್ಲಿ ಅಕ್ಕ. ಬರ್ಲಿ ಬಿಡು."

*

ತಿರುಮಲೇಶರ ಹೆಂಡತಿ ಚೂಡಾಮಣಿ ಜಯನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರು. ಒಂದು ದಿನ ಯಾವುದೋ ಪತ್ರಿಕೆಯಲ್ಲಿ ಉತ್ತರ ಧ್ರುವದ ಬಳಿಯ ಹಿಮನಾಡಿನವರು ಮಾಡಿದ ಚಿತ್ರ ಕಂಡು ಊಟ ಮರೆತು ಕೂತಿದ್ದರು. "ಎಸ್ಕಿಮೊ ಅನ್ಬೇಡಿ, ಅವರು ತಮ್ಮನ್ನ ಇನ್ಯುಯಿಟ್ ಅಂತಾರೆ. ಕಲ್ಲಲ್ಲಿ ಚಿತ್ರ ಕೆತ್ತಿ, ಮಸಿ ಹಚ್ಚಿ, ಕಾಗದ ಹಾಸಿ ಬೆರಳಲ್ಲಿ ಉಜ್ತಾರೆ. ನಮ್ಮ ಬಳಪದ ಕಲ್ಲಿನಂಥದೇ ಕಲ್ಲು ಕಣ್ರೀ," ಎಂದಿದ್ದರು.

ಆಮೇಲೆ ಯಾರ್ಯಾರನ್ನೋ ಕಾಡಿ, ಅರವತ್ಮೂರನೇ ಇಸವಿಯಲ್ಲಿ, ಪ್ರದರ್ಶನಕ್ಕೆಂದು ಮದ್ರಾಸಿಗೆ ಹೊರಟಿದ್ದ ಅಂಥ ಚಿತ್ರಗಳ ಪೆಟ್ಟಿಗೆಯನ್ನು ಕೆಲವು ದಿನ ಶಾಲೆಯ ಹಾಲ್‌ನಲ್ಲಿ ನಿಲ್ಲಿಸಿಕೊಂಡರು. ಚಿತ್ರಗಳನ್ನು ಮೊಣಕಾಲೆತ್ತರಕ್ಕೆ ತೂಗುಹಾಕಿದ್ದನ್ನು ಕಂಡು ತಿರುಮಲೇಶ ನಕ್ಕಿದ್ದರು.

"ಇಷ್ಟು ಕೆಳಗಿದ್ರೆ ಯಾರು ನೋಡ್ತಾರೆ?"

"ನೆಲದ ಮೇಲೆ ಕೂತವರು."

ಕರೆದಿದ್ದ ದೊಡ್ಡ ಮನುಷ್ಯರು ಬಂದರು, ಕಾಫಿ ಕುಡಿದು ಹೊರಟರು. ಮರುದಿನದಿಂದ ಸಂಜೆ ಆಫೀಸು ಮುಗಿಸಿ ಹೋದಾಗಲೆಲ್ಲ ಹಾಲ್ ಖಾಲಿ. ಪಾಪ, ಯಾರೂ ಬರಲಿಲ್ಲ ಎಂದೇ ತಿರುಮಲೇಶ ತಿಳಿದಿದ್ದರು.

*

"ಮಧ್ಯಾಹ್ನ ಬರ್ತಿದ್ವಿ," ಎಂದರು ಮುನಿವೆಂಕಟಮ್ಮ, ಚೂಡಾಮಣಿಯ ಪಾದದ ಬಳಿ ಕೂತು. "ಲೇಔಟಿಗೆ ಕಲ್ಲು ಹೊರ್ತಿದ್ವಿ. ಬಿಸ್ಲಲ್ಲಿ ಕೂತಿದ್ದೋರ್ನ ಒಳೀಕ್ ಕರ್ದು ಚಾಪೆ ಹಾಕಿದ್ರು. ಒಂದು ಗೂಬೆ ಚಿತ್ರ. ಗೂಬೆ ಅಂದ್ರೆ ನಂಗೆ ಭಯ ಸಾಮಿ. ಆದ್ರೆ ಅದ್ರ ರೆಕ್ಕೆ ನೋಡ್ತಾ ನೋಡ್ತಾ ಕೈ ಮುಗ್ದುಬಿಟ್ಟೆ. ಅದ್ನ ಬರ್ದೋಳು ನನ್ನಂಗೇ ಓದು ಬಾರ್ದೋಳಂತೆ. ಬಿಟ್ಟುಬಂದ ಜಾಗಾನ ನೆನೆಸ್ಕೊಂಡು ಬರೀತಾಳಂತೆ. 'ನಿಮ್ಮ ಜಾಗ ನೀವೂ ಬರೀರಿ' ಅಂತ ಟೀಚರಮ್ಮ ಪೆನ್ಸಿಲ್ ಕೊಟ್ರು."

ಸೆರಗಿನೊಳಗಿಂದ ಸುರುಳಿಯೊಂದನ್ನು ತೆಗೆದು ಬಿಚ್ಚಿದರು. ರಾಗಿ ಹೊಲದಲ್ಲಿ ಎರಡು ಎತ್ತು, ಕಡುಗಪ್ಪು, ಈಗಷ್ಟೇ ಉಸಿರು ಬಿಟ್ಟ ಹಾಗೆ. "ಬರ್ದಿದ್ದು ನಾನು. ಕಲ್ಲಲ್ಲಿ ಕೆತ್ತಿ ಅಚ್ಚು ತೆಗ್ದಿದ್ದು ಅವ್ರು. ನಮ್ಮ ಹೊಲ ಇದ್ದಿದ್ದು ಇಲ್ಲೇ, ಈ ಬೀದೀಲೇ. ಲೇಔಟಿಗೆ ಹೋಯ್ತು."

ಆಗ ಜಗಲಿಯಲ್ಲಿ ಚೂಡಾಮಣಿ ತಿಂಗಳುಗಟ್ಟಲೆ ಏನೋ ಕೆತ್ತುತ್ತಿದ್ದ ಉಳಿಯ ಸದ್ದು ಇದಕ್ಕಾಗಿತ್ತು. ತಿರುಮಲೇಶ ಕಾಗದದ ಮೇಲೆ ಬಗ್ಗಿದರು. ಎತ್ತಿನ ಬೆನ್ನಿನ ಮೇಲೆ ಬೆರಳು ಉಜ್ಜಿದ ಸಣ್ಣ ಸಣ್ಣ ಗೆರೆಗಳಿದ್ದವು. ಅವುಗಳ ಮೇಲೆ ತಮ್ಮ ಬೆರಳಿಟ್ಟು ಒಂದೊಂದನ್ನೇ ಸವರಿದರು. ಯಾರೂ ಅವಸರಪಡಿಸಲಿಲ್ಲ.

*

ಬೆಂಕಿಯ ಮಡಕೆ ಹಿಡಿದು ತಿರುಮಲೇಶ ಮುಂದೆ, ಹಿಂದೆ ಚಟ್ಟ, ಅದರ ಹಿಂದೆ ಭೈರಸಂದ್ರದ ಹೆಂಗಸರು. ಮೂಲೆ ತಿರುಗಿದರೆ ಹೊಸ ಟಾರು ರಸ್ತೆ, ಸಪಾಟಾಗಿತ್ತು.

"ಸಾಮಿ, ಒಸಿ ಪಕ್ಕಕ್ಕೋಗಿ," ಎಂದರು ಮುನಿವೆಂಕಟಮ್ಮ ಹಿಂದಿನಿಂದ. "ಅಲ್ಲಿ ನಮ್ಮ ಬಾವಿ ಐತೆ."

ಹೆಗಲು ಕೊಟ್ಟವರು ಬರಿಯ ರಸ್ತೆಯನ್ನು ನೋಡಿದರು. ತಿರುಮಲೇಶ ಪಕ್ಕಕ್ಕೆ ಸರಿದು, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ, ದೊಡ್ಡ ಬಾವಿಯೊಂದರ ಕಟ್ಟೆ ಬಳಸಿದ ಹಾಗೆ ಸುತ್ತಿ ನಡೆದರು. ಚಟ್ಟವೂ ನಿಧಾನವಾಗಿ ಬಾಗಿ ಅವರ ಹಿಂದೆ ಬಂತು.